ಮಗುವನ್ನು ಒಯ್ಯೋಕೆ ದುಡ್ಡಿದೆ, ಮನೆಯಲ್ಲಿ ಉಳಿಸೋಕೆ ಇಲ್ಲ

2019ರ ಜನವರಿ. ಕೆನಡಾದ ವಿನಿಪೆಗ್ ನಗರದ ಒಂದು ಆಸ್ಪತ್ರೆ. ಹಾಸಿಗೆ ಮೇಲೆ ಮೂಲನಿವಾಸಿ ಬಾಣಂತಿ, ಅವಳ ತೋಳಲ್ಲಿ ಎರಡು ದಿನದ ಕೂಸು. ಸುತ್ತ ಪೊಲೀಸರು, ಮಕ್ಕಳ ಕಲ್ಯಾಣ ಏಜೆನ್ಸಿಯವರು. ಮನೆಯವರೊಬ್ಬರು ಫೋನ್ ಹಿಡಿದು ಎಲ್ಲವನ್ನೂ ಫೇಸ್‌ಬುಕ್‌ನಲ್ಲಿ ನೇರ ಪ್ರಸಾರ ಮಾಡುತ್ತಿದ್ದಾರೆ. ಕೊನೆಗೆ ಕೂಸನ್ನು ತೆಗೆದುಕೊಂಡು ಹೋದರು. ಬಾಣಂತಿ ಕುಡಿದು ಆಸ್ಪತ್ರೆಗೆ ಬಂದಿದ್ದಳು ಅನ್ನೋದು ಆರೋಪ, ಹಾಗೇನೂ ಇಲ್ಲ ಅಂತ ಮನೆಯವರ ಮಾತು.

ಆ ವಿಡಿಯೋ ಕೆನಡಾದ ತುಂಬ ಹರಿದಾಡಿತು. ಅದರ ಜೊತೆಗೆ ‘ಬರ್ತ್ ಅಲರ್ಟ್’ ಅನ್ನೋ ಪದವೂ ಜನರ ಬಾಯಿಗೆ ಬಂತು. ಒಬ್ಬ ಗರ್ಭಿಣಿ ಮಗುವನ್ನು ಸರಿಯಾಗಿ ನೋಡಿಕೊಳ್ಳಲಾರಳು ಅಂತ ಇಲಾಖೆಗೆ ಅನುಮಾನ ಬಂದರೆ, ಹೆರಿಗೆಗೆ ಮುಂಚೆಯೇ ಆಸ್ಪತ್ರೆಗಳಿಗೆ ಒಂದು ಸೂಚನೆ ಹೋಗುತ್ತಿತ್ತು: ಇವಳು ಬಂದರೆ ನಮಗೆ ಹೇಳಿ. ಎಷ್ಟೋ ಸಲ ಅವಳಿಗೇ ಇದು ಗೊತ್ತಿರುತ್ತಿರಲಿಲ್ಲ. ಅನುಮಾನಕ್ಕೆ ಒಂದು ಕಾರಣ ಏನು ಗೊತ್ತಾ? ಅವಳೂ ಚಿಕ್ಕಂದಿನಲ್ಲಿ ಸರ್ಕಾರದ ಸುಪರ್ದಿಯಲ್ಲಿ ಬೆಳೆದವಳು ಅನ್ನೋದು. ಅಂದರೆ ಸರ್ಕಾರವೇ ಸಾಕಿ ಬೆಳೆಸಿದ ಹುಡುಗಿಯನ್ನು, ಬೆಳೆದ ಮೇಲೆ ಅದೇ ಸರ್ಕಾರ ನಂಬುತ್ತಿರಲಿಲ್ಲ.

ವಿನಿಪೆಗ್ ಇರುವ ಮ್ಯಾನಿಟೋಬ ಪ್ರಾಂತ್ಯ 2020ರ ಜುಲೈನಲ್ಲಿ ಈ ಪದ್ಧತಿ ನಿಲ್ಲಿಸಿತು. ಕ್ವಿಬೆಕ್‌ನಲ್ಲಿ ಇದು 2023ರವರೆಗೂ ನಡೆಯಿತು.

ಮೂಲನಿವಾಸಿ ಮಕ್ಕಳನ್ನು ಹೀಗೆ ಒಯ್ಯೋದನ್ನು ಹಳೇ ಕಾಲದ ಕಥೆ ಅಂದುಕೊಳ್ಳೋರು ಬಹಳ ಜನ ಇದ್ದಾರೆ, ನಾನೂ ಅಂದುಕೊಂಡಿದ್ದೆ. ಕೆನಡಾದಲ್ಲಿರುವ ಕನ್ನಡದ ಮನೆಗಳಿಗೆ ಸೆಪ್ಟೆಂಬರ್ ಕೊನೆ ವಾರ ಮಕ್ಕಳ ಶಾಲೆಯಿಂದ ಒಂದು ಚೀಟಿ ಬರುತ್ತದೆ, ಮಗುವಿಗೆ ಕಿತ್ತಳೆ ಬಣ್ಣದ ಅಂಗಿ ಹಾಕಿ ಕಳಿಸಿ ಅಂತ. ಆ ಅಂಗಿ ಫಿಲ್ಲಿಸ್ ವೆಬ್‌ಸ್ಟಾಡ್ ಎಂಬಾಕೆಯದು. 1973ರಲ್ಲಿ ಆರು ವರ್ಷದ ಆ ಮೂಲನಿವಾಸಿ ಹುಡುಗಿಯನ್ನು ಬ್ರಿಟಿಷ್ ಕೊಲಂಬಿಯಾದ ವಿಲಿಯಮ್ಸ್ ಲೇಕ್ ಹತ್ತಿರದ ಮಿಷನ್ ವಸತಿ ಶಾಲೆಗೆ (ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇಟ್ಟು ಅವರ ಭಾಷೆ, ಸಂಸ್ಕೃತಿ ಬಿಡಿಸುತ್ತಿದ್ದ ಶಾಲೆಗಳಲ್ಲಿ ಒಂದಕ್ಕೆ) ಸೇರಿಸಿದರು. ಹೋಗುವ ಮುಂಚೆ ಅಜ್ಜಿ ಅಂಗಡಿಗೆ ಕರೆದುಕೊಂಡು ಹೋಗಿ, ಮುಂದೆ ದಾರ ಕಟ್ಟುವ ಹೊಳೆಯುವ ಕಿತ್ತಳೆ ಅಂಗಿ ಕೊಡಿಸಿದ್ದರು. ಶಾಲೆಯಲ್ಲಿ ಮೊದಲ ದಿನವೇ ಅದನ್ನು ಬಿಚ್ಚಿಸಿಕೊಂಡರು, ಮತ್ತೆ ಕೊಡಲೇ ಇಲ್ಲ. ಆಕೆ 2013ರಲ್ಲಿ ಈ ಕಥೆ ಹೇಳಿದ ಮೇಲೆ ಕಿತ್ತಳೆ ಅಂಗಿಯ ದಿನ ಶುರುವಾಯಿತು. 2021ರಿಂದ ಸೆಪ್ಟೆಂಬರ್ 30 ದೇಶದ ಅಧಿಕೃತ ದಿನಾಚರಣೆ.

ಅಂಗಿ ಹಾಕಿಸೋದು ಒಳ್ಳೆಯದೇ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟುತ್ತದೆ. ವಸತಿ ಶಾಲೆಗಳು ಇದ್ದವು, ತಪ್ಪಾಯಿತು, ಮುಚ್ಚಿದರು, ಪ್ರಧಾನಿ ಕ್ಷಮೆ ಕೇಳಿದರು, ಮುಗೀತು ಅನ್ನೋ ಹಾಗೆ. ನನಗೆ ಕಾಣೋದು ಬೇರೆ. ಶಾಲೆಗಳು ಮುಚ್ಚಿದವು, ಮಕ್ಕಳನ್ನು ಒಯ್ಯುವ ಕೆಲಸ ಬೇರೆ ಇಲಾಖೆಗೆ ಹೋಯಿತು. ಅದು ಇವತ್ತಿಗೂ ನಿಲ್ಲದೇ ಇರೋದಕ್ಕೆ ದೊಡ್ಡ ಕಾರಣ ಕ್ರೌರ್ಯಕ್ಕಿಂತ ಹೆಚ್ಚಾಗಿ ಒಂದು ಅನುದಾನದ ಲೆಕ್ಕ.

ಮೊದಲು ಶಾಲೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. 1880ರ ದಶಕದಿಂದ 1990ರ ದಶಕದ ಕೊನೆಯವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಈ ಶಾಲೆಗಳಿಗೆ ಹೋದರು. ದುಡ್ಡು ಸರ್ಕಾರದ್ದು, ನಡೆಸೋದು ಚರ್ಚ್. 1920ರಲ್ಲಿ ಹಾಜರಿ ಕಡ್ಡಾಯವಾಯಿತು. ಅಪ್ಪ ಅಮ್ಮ ಕಳಿಸದಿದ್ದರೆ ಶಿಕ್ಷೆ. ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ ಅಂತ ಸರ್ಕಾರದ ವೈದ್ಯರೇ ಆದ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2008ರ ಜೂನ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯಶೋಧನೆ ಮತ್ತು ಸಂಧಾನ ಆಯೋಗ ಇದನ್ನು ಸಾಂಸ್ಕೃತಿಕ ನರಮೇಧ ಅಂತ ಕರೆದು 94 ಶಿಫಾರಸು ಕೊಟ್ಟಿತು. ಆ 94ರಲ್ಲಿ ಮೊದಲ ಐದು ಯಾವುದರ ಬಗ್ಗೆ ಅಂದುಕೊಂಡಿರಿ? ಹಳೇ ಶಾಲೆಗಳ ಬಗ್ಗೆ ಅಲ್ಲ. ಈಗಿನ ಮಕ್ಕಳ ಕಲ್ಯಾಣ ವ್ಯವಸ್ಥೆಯ ಬಗ್ಗೆ.

ಈ ಬದಲಾವಣೆಗೆ ದಾರಿಯಾಗಿದ್ದು 1951ರ ಒಂದು ಕಾನೂನು ತಿದ್ದುಪಡಿ. ಅಲ್ಲಿಯವರೆಗೆ ಮೂಲನಿವಾಸಿಗಳ ವಿಷಯ ಪೂರ್ತಿ ಕೇಂದ್ರದ್ದು. ಇಂಡಿಯನ್ ಆಕ್ಟ್‌ಗೆ ಮಾಡಿದ ತಿದ್ದುಪಡಿಯಿಂದ ಪ್ರಾಂತ್ಯಗಳ ಕಾನೂನು ರಿಸರ್ವ್‌ಗಳಿಗೂ (ಮೂಲನಿವಾಸಿಗಳಿಗೆ ಅಂತ ಗುರುತು ಮಾಡಿಟ್ಟ ಊರುಗಳಿಗೂ) ಅನ್ವಯವಾಯಿತು. ಪ್ರಾಂತ್ಯದ ಸೋಶಿಯಲ್ ವರ್ಕರ್‌ಗಳು ಅಲ್ಲಿಗೆ ಕಾಲಿಟ್ಟರು, ಮನೆ ನೋಡಿದರು, ಫ್ರಿಜ್ ತೆಗೆದು ನೋಡಿದರು, ಮಕ್ಕಳನ್ನು ಎತ್ತಿಕೊಂಡು ಹೊರಟರು. 1980ರ ದಶಕದವರೆಗೆ ಹೀಗೆ ದೂರದ ಬಿಳಿಯರ ಮನೆಗಳಿಗೆ ಹೋದ ಮಕ್ಕಳು 20,000ಕ್ಕೂ ಜಾಸ್ತಿ ಅನ್ನೋ ಅಂದಾಜಿದೆ. ಕೆಲವರು ಅಮೆರಿಕಕ್ಕೂ ಹೋದರು. ಸಸ್ಕ್ಯಾಚೆವಾನ್‌ನಲ್ಲಿ 1967ರಿಂದ ಇದಕ್ಕೆಂದೇ ಒಂದು ಸರ್ಕಾರಿ ಯೋಜನೆ ಇತ್ತು. ಮಗುವಿನ ಫೋಟೋ, ಸ್ವಭಾವ ಎಲ್ಲ ಹಾಕಿ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ನಮ್ಮಲ್ಲಿ ವಧು ವರರ ಜಾಹೀರಾತು ಬರುತ್ತದಲ್ಲ, ಹಾಗೆ. ಈ ಕಾಲಕ್ಕೆ ಅಲ್ಲಿನವರು ‘ಸಿಕ್ಸ್‌ಟೀಸ್ ಸ್ಕೂಪ್’ ಅಂತಾರೆ, ಅರವತ್ತರ ದಶಕದಲ್ಲಿ ಮಕ್ಕಳನ್ನು ಬಾಚಿಕೊಂಡು ಹೋದದ್ದು. 2017ರಲ್ಲಿ ಕೋರ್ಟು ಇದಕ್ಕೆ ಕೇಂದ್ರ ಸರ್ಕಾರವೇ ಹೊಣೆ ಅಂದಿತು, 80 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಮೆಟೀ ಸಮುದಾಯದವರನ್ನು (ಮೂಲನಿವಾಸಿ ಮತ್ತು ಯುರೋಪಿಯನ್ ಬೆರೆತ ಮೂಲದವರನ್ನು) ಅದರಿಂದ ಹೊರಗಿಟ್ಟರು, ಆ ಜಗಳ ಬೇರೆಯೇ ಇದೆ.

ಈಗಿನ ಲೆಕ್ಕಕ್ಕೆ ಬರೋಣ. 2021ರ ಜನಗಣತಿ ಪ್ರಕಾರ ಕೆನಡಾದಲ್ಲಿ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿ ಮಕ್ಕಳು ಶೇ 7.7. ಫಾಸ್ಟರ್ ಮನೆಗಳಲ್ಲಿ, ಅಂದರೆ ಸರ್ಕಾರ ತಾತ್ಕಾಲಿಕವಾಗಿ ಬೇರೆಯವರ ಹತ್ತಿರ ಸಾಕಲು ಬಿಟ್ಟ ಮಕ್ಕಳಲ್ಲಿ, ಅವರು ಶೇ 53.8. ಮ್ಯಾನಿಟೋಬದಲ್ಲಿ ಸರ್ಕಾರದ ಸುಪರ್ದಿಯಲ್ಲಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಮೂಲನಿವಾಸಿಗಳು.

ಇದನ್ನು ಕೇಳಿದ ಕೂಡಲೇ ಬರುವ ಪ್ರಶ್ನೆ: ಹಾಗಾದರೆ ಆ ಮನೆಗಳಲ್ಲಿ ಹೊಡೆತ ಬಡಿತ ಜಾಸ್ತಿಯಾ? ಅಧ್ಯಯನಗಳು ಹೇಳೋದು ಬೇರೆ. ಮೂಲನಿವಾಸಿ ಮಕ್ಕಳನ್ನು ಹೆಚ್ಚಾಗಿ ಒಯ್ಯುವುದು ಹಿಂಸೆಯ ಕಾರಣಕ್ಕಲ್ಲ, ‘ನಿರ್ಲಕ್ಷ್ಯ’ದ ಕಾರಣಕ್ಕೆ. ಆ ನಿರ್ಲಕ್ಷ್ಯವನ್ನು ಬಿಡಿಸಿ ನೋಡಿದರೆ ಒಳಗೆ ಸಿಗೋದು ಬಡತನ, ಕೆಟ್ಟ ಮನೆ, ಕುಡಿತ.

ಒಂದು ಮನೆ ಕಲ್ಪಿಸಿಕೊಳ್ಳಿ. ಉತ್ತರದ ಒಂದು ರಿಸರ್ವ್. ಎರಡು ಕೋಣೆಯಲ್ಲಿ ಹತ್ತು ಜನ, ಗೋಡೆ ತುಂಬ ಬೂಷ್ಟು. ನಲ್ಲಿ ನೀರು ಕುದಿಸದೆ ಕುಡಿಯಬೇಡಿ ಅಂತ ವರ್ಷಗಟ್ಟಲೆಯಿಂದ ನೋಟಿಸ್. ಅಮ್ಮನಿಗೆ ಕೆಲಸವಿಲ್ಲ, ಖಿನ್ನತೆ ಬೇರೆ. ಮಗುವಿಗೆ ಪದೇ ಪದೇ ಕೆಮ್ಮು. ಸೋಶಿಯಲ್ ವರ್ಕರ್ ಬಂದು ನೋಡಿದಾಗ ಮಗು ಈ ಮನೆಯಲ್ಲಿರೋದು ಸರಿಯಲ್ಲ ಅಂತ ಅನ್ನಿಸಿದರೆ ತಪ್ಪೇನಿಲ್ಲ. ಈಗ ಎರಡು ದಾರಿ. ಮನೆ ರಿಪೇರಿ ಮಾಡಿಸಿ, ಅಮ್ಮನಿಗೆ ಚಿಕಿತ್ಸೆ ಕೊಡಿಸಿ, ದಿನಾ ಒಬ್ಬರು ಬಂದು ಹೋಗುವ ಹಾಗೆ ಮಾಡಿ ಮಗುವನ್ನು ಅಲ್ಲೇ ಉಳಿಸೋದು ಒಂದು. ಮಗುವನ್ನು ಒಯ್ದು ಬೇರೆ ಮನೆಯಲ್ಲಿ ಇಡೋದು ಇನ್ನೊಂದು.

ರಿಸರ್ವ್‌ಗಳ ಏಜೆನ್ಸಿಗಳಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುತ್ತಿದ್ದ ರೀತಿ ಹೀಗಿತ್ತು. ಮಗುವನ್ನು ಒಯ್ದು ಸಾಕಿದರೆ ಆದ ಖರ್ಚು ಪೂರ್ತಿ ವಾಪಸ್. ಬಿಲ್ ಕಳಿಸಿ, ದುಡ್ಡು ಬರುತ್ತದೆ. ಮನೆಯಲ್ಲಿ ಉಳಿಸುವ ಕೆಲಸಕ್ಕೆ ಮಾತ್ರ ಒಂದು ಗಟ್ಟಿ ಮಿತಿ, ಅದೂ ಊರಿನ ನಿಜವಾದ ಕಷ್ಟ ನೋಡಿ ಇಟ್ಟದ್ದಲ್ಲ. 1991ರಲ್ಲಿ ಬಂದ ಸೂತ್ರದಲ್ಲಿ ಪ್ರತಿ ಊರಲ್ಲೂ ಶೇ 6 ಮಕ್ಕಳು ಸುಪರ್ದಿಯಲ್ಲಿರುತ್ತಾರೆ ಅಂತ ಸುಮ್ನೆ ಊಹಿಸಿಕೊಂಡು ಲೆಕ್ಕ ಹಾಕಿದ್ದರು. ನಿಮ್ಮೂರಲ್ಲಿ ಕಷ್ಟ ಅದರ ಎರಡರಷ್ಟಿದ್ದರೂ ಅನುದಾನ ಶೇ 6ರದ್ದೇ. ಆಗ ಏಜೆನ್ಸಿಯಲ್ಲಿ ಕೂತ ಮನುಷ್ಯ ಏನು ಮಾಡಬೇಕು? ಅವನು ಒಳ್ಳೆಯವನೇ ಇರಬಹುದು, ಎಷ್ಟೋ ಸಲ ಅದೇ ಸಮುದಾಯದವನೂ ಹೌದು, ಆದರೆ ಅವನ ಮುಂದೆ ದುಡ್ಡಿರುವ ಬಾಗಿಲು ಒಂದೇ, ಅದು ಮಗುವನ್ನು ಹೊರಗೆ ತರುವ ಬಾಗಿಲು.

ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. ಗಿಟ್‌ಕ್ಸನ್ ಸಮುದಾಯದ ಸಿಂಡಿ ಬ್ಲ್ಯಾಕ್‌ಸ್ಟಾಕ್ ಎಂಬ ಸೋಶಿಯಲ್ ವರ್ಕರ್ ಮುಂದಾಳಾಗಿರುವ ಸಂಸ್ಥೆ, ಮೂಲನಿವಾಸಿ ಮುಖ್ಯಸ್ಥರ ಒಕ್ಕೂಟದ ಜೊತೆ ಸೇರಿ 2007ರಲ್ಲಿ ಕೆನಡಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿತು, ಅಲ್ಲಿಂದ ಅದು ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋಯಿತು. ಸರ್ಕಾರ ಒಂಬತ್ತು ವರ್ಷ ತಾಂತ್ರಿಕ ತಕರಾರು ಎತ್ತಿ ಎಳೆಯಿತು. ನಡುವೆ ಬ್ಲ್ಯಾಕ್‌ಸ್ಟಾಕ್ ಅವರ ಸ್ವಂತ ಫೇಸ್‌ಬುಕ್ ಪುಟವನ್ನೇ ಎರಡು ಇಲಾಖೆಗಳು ಕದ್ದು ನೋಡುತ್ತಿದ್ದವು ಅಂತ 2013ರಲ್ಲಿ ಖಾಸಗಿತನ ಆಯುಕ್ತರು ಹೇಳಿದರು. 2016ರ ಜನವರಿ 26ಕ್ಕೆ ತೀರ್ಪು ಬಂತು: ರಿಸರ್ವ್‌ಗಳ ಮಕ್ಕಳಿಗೆ ಸರ್ಕಾರ ಜನಾಂಗದ ಆಧಾರದ ಮೇಲೆ ತಾರತಮ್ಯ ಮಾಡಿದೆ, ಅನುದಾನದ ಸೂತ್ರವೇ ಮಕ್ಕಳನ್ನು ಒಯ್ಯಲು ಕುಮ್ಮಕ್ಕು ಕೊಡುತ್ತಿದೆ.

ಅದೇ ತೀರ್ಪಿನಲ್ಲಿ ಇನ್ನೊಂದು ಮಗುವಿನ ಹೆಸರು ಬರುತ್ತದೆ. ಜೋರ್ಡನ್ ರಿವರ್ ಆಂಡರ್ಸನ್. 1999ರಲ್ಲಿ ಹುಟ್ಟಿದ್ದು, ಊರು ಮ್ಯಾನಿಟೋಬದ ನಾರ್ವೇ ಹೌಸ್. ಹುಟ್ಟಿನಿಂದಲೇ ಹಲವು ಕಾಯಿಲೆ. ಊರಲ್ಲಿ ಚಿಕಿತ್ಸೆ ಇಲ್ಲ, ಅದು ಸಿಗಬೇಕಾದರೆ ಮಗುವನ್ನು ಸರ್ಕಾರದ ಸುಪರ್ದಿಗೆ ಒಪ್ಪಿಸಬೇಕು. ಅಪ್ಪ ಅಮ್ಮ ಹಾಗೇ ಮಾಡಿದರು. ಎರಡು ವರ್ಷವಾದ ಮೇಲೆ, ಇನ್ನು ಆಸ್ಪತ್ರೆಯಿಂದ ಒಂದು ಮನೆಗೆ ಕಳಿಸಬಹುದು ಅಂತ ವಿನಿಪೆಗ್‌ನ ವೈದ್ಯರು ಹೇಳಿದರು. ಮನೆಯ ಆರೈಕೆ ಖರ್ಚು ಯಾರದ್ದು? ಮೂಲನಿವಾಸಿ ಮಗು, ಹಾಗಾಗಿ ಕೇಂದ್ರದ್ದು ಅಂತ ಪ್ರಾಂತ್ಯ. ಆರೋಗ್ಯ ಪ್ರಾಂತ್ಯದ ವಿಷಯ ಅಂತ ಕೇಂದ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತೀವಲ್ಲ, ಇಲ್ಲಿ ಕೂಸು ಸತ್ತೇ ಹೋಯಿತು. 2005ರಲ್ಲಿ, ಐದನೇ ವಯಸ್ಸಿಗೆ, ಅದೇ ಆಸ್ಪತ್ರೆಯಲ್ಲಿ. ಒಂದು ದಿನವೂ ಮನೆಯಲ್ಲಿ ಮಲಗಲಿಲ್ಲ.

2007ರ ಡಿಸೆಂಬರ್‌ನಲ್ಲಿ ಸಂಸತ್ತು ಅವನ ಹೆಸರಲ್ಲಿ ಒಂದು ನಿರ್ಣಯ ಮಾಡಿತು, ಒಬ್ಬರೂ ವಿರೋಧಿಸಲಿಲ್ಲ. ಮಗುವಿಗೆ ಬೇಕಾದ್ದನ್ನು ಮೊದಲು ಕೊಡಿ, ಬಿಲ್ ಯಾರದ್ದು ಅನ್ನೋ ಜಗಳ ಆಮೇಲೆ ಆಡಿ. ಇಷ್ಟೇ. ಇಷ್ಟು ಸಾಮಾನ್ಯ ಜ್ಞಾನದ ಮಾತಿಗೆ ಒಂದು ಮಗು ಸಾಯಬೇಕಾಯಿತು, ಆಮೇಲೂ ಅದು ಸರಿಯಾಗಿ ಜಾರಿಯಾಗಲಿಲ್ಲ ಅಂತ ನ್ಯಾಯಮಂಡಳಿ ಮತ್ತೆ ಮತ್ತೆ ಆದೇಶ ಹೊರಡಿಸಬೇಕಾಯಿತು. 2024ರ ಕೊನೆಗೆ ಲಕ್ಷಕ್ಕೂ ಮೇಲೆ ಅರ್ಜಿಗಳು ಕೊಳೆಯುತ್ತಿದ್ದವು.

ದುಡ್ಡಿನ ಮಾತು ಬಂದಾಗ ಇನ್ನೊಂದನ್ನು ಹೇಳದೇ ಇರೋಕಾಗಲ್ಲ. ಸುಪರ್ದಿಯಲ್ಲಿರುವ ಪ್ರತಿ ಮಗುವಿನ ಹೆಸರಿಗೂ ಕೇಂದ್ರ ಸರ್ಕಾರ ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡುತ್ತದೆ. 2005ರಿಂದ 2019ರವರೆಗೆ ಮ್ಯಾನಿಟೋಬ ಸರ್ಕಾರ ಅದನ್ನು ಏಜೆನ್ಸಿಗಳಿಂದ ಕಿತ್ತುಕೊಂಡು ತನ್ನ ಬೊಕ್ಕಸಕ್ಕೆ ಹಾಕಿಕೊಂಡಿತು. ಮೊತ್ತ 30 ಕೋಟಿ ಡಾಲರ್‌ಗೂ ಮೇಲೆ. ಸಾಲದ್ದಕ್ಕೆ, ಇದರ ಮೇಲೆ ಯಾರೂ ದಾವೆ ಹೂಡಬಾರದು ಅಂತ ಕಾನೂನು ಬೇರೆ ಮಾಡಿತು. 2022ರಲ್ಲಿ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಬೇಲಿಯೇ ಹೊಲ ಮೇಯೋದು ಗೊತ್ತಿತ್ತು, ಮೇಯ್ದ ಮೇಲೆ ಕೇಳಬಾರದು ಅಂತ ಕಾನೂನನ್ನೇ ಬರೆದುಕೊಂಡ ಬೇಲಿಯನ್ನು ಇಲ್ಲೇ ನೋಡಿದ್ದು.

ಇನ್ನೊಂದು ಪಕ್ಕದ ಮಾತನ್ನೂ ಕೇಳಬೇಕು. ಮ್ಯಾನಿಟೋಬದಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ತಾಯಿಯ ಹತ್ತಿರ ಇರಲು ಬಿಟ್ಟರು. 2005ರಲ್ಲಿ, ಮಗುವಿಗೆ ಐದು ವರ್ಷವಿದ್ದಾಗ, ತಾಯಿ ಮತ್ತು ಅವಳ ಸಂಗಾತಿ ಆ ಮಗುವನ್ನು ಹೊಡೆದು ಕೊಂದರು. ಹೊರಜಗತ್ತಿಗೆ ತಿಳಿಯಲು ತಿಂಗಳುಗಳೇ ಹಿಡಿದವು. ಅಂಥ ಒಂದು ಕೇಸ್ ಆದ ಮೇಲೆ ಯಾವ ಸೋಶಿಯಲ್ ವರ್ಕರ್ ತಾನೇ ಧೈರ್ಯ ಮಾಡಿ ‘ಮಗು ಇಲ್ಲೇ ಇರಲಿ’ ಅಂತ ಬರೆಯುತ್ತಾರೆ? ಬಿಟ್ಟು ಬಂದ ಮಗುವಿಗೆ ಏನಾದರೂ ಆದರೆ ಹೆಸರು ಪೇಪರಿಗೆ ಬರುತ್ತದೆ, ಒಯ್ದ ಮಗು ಹತ್ತು ವರ್ಷ ಒಳಗೊಳಗೇ ಒಡೆದುಹೋದರೆ ಯಾರ ಹೆಸರೂ ಬರಲ್ಲ. ಆದರೆ ಒಯ್ದರೆ ಸುರಕ್ಷಿತ ಅನ್ನೋದೂ ಸುಳ್ಳು. 2014ರಲ್ಲಿ ಅದೇ ವಿನಿಪೆಗ್‌ನಲ್ಲಿ ಸರ್ಕಾರದ ಸುಪರ್ದಿಯಲ್ಲಿದ್ದ 15 ವರ್ಷದ ಹುಡುಗಿಯ ಹೆಣ ರೆಡ್ ನದಿಯಲ್ಲಿ ಸಿಕ್ಕಿತು. ಫಾಸ್ಟರ್ ಮನೆ ಸಾಲದೆ ಅವಳನ್ನು ಹೋಟೆಲಿನಲ್ಲಿ ಇಟ್ಟಿದ್ದರು.

ನಮ್ಮ ಓದುಗರಿಗೆ ಇದು ಎಲ್ಲಿ ತಾಗುತ್ತದೆ ಅಂತ ಯೋಚಿಸಿದಾಗ ನನಗೆ ನೆನಪಾದದ್ದು ನಾರ್ವೆ. 2011ರಲ್ಲಿ ಅಲ್ಲಿನ ಸ್ಟಾವಾಂಗರ್‌ನಲ್ಲಿದ್ದ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಇಲಾಖೆ ಒಯ್ದದ್ದು, ಕೈಯಲ್ಲಿ ಉಣಿಸಿದ್ದೂ ಪಕ್ಕದಲ್ಲಿ ಮಲಗಿಸಿಕೊಂಡದ್ದೂ ತಪ್ಪಾಯಿತು ಅಂತ ಅಪ್ಪ ಅಮ್ಮ ಹೇಳಿದ್ದು, ಕಾರಣ ಅದಲ್ಲ ಅಂತ ನಾರ್ವೆಯವರು ಅಂದದ್ದು, ಇಲ್ಲಿ ಟೀವಿಗಳಲ್ಲಿ ದಿನಗಟ್ಟಲೆ ಚರ್ಚೆ ನಡೆದದ್ದು ನೆನಪಿರಬಹುದು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ. ಅವರು ನಾರ್ವೆಯ ವಿದೇಶಾಂಗ ಸಚಿವರ ಜೊತೆಗೇ ಮಾತಾಡಿದರು. 2012ರ ಏಪ್ರಿಲ್‌ನಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ದೆಹಲಿಗೆ ಬಂದಿಳಿದರು. ಆ ಅಪ್ಪ ಅಮ್ಮನ ಪರವಾಗಿ ಒಂದು ದೇಶ ನಿಂತಿತ್ತು. ವಿನಿಪೆಗ್‌ನ ಕ್ರೀ ಎಂಬ ಮೂಲನಿವಾಸಿ ಸಮುದಾಯದ ತಾಯಿಗೆ ದೂರು ಕೊಡಲು ಇರೋದು ಮಗುವನ್ನು ಒಯ್ದ ಸರ್ಕಾರವೇ.

ಅಜ್ಜಿ ಮನೆಯಲ್ಲಿ ಬೆಳೆಯೋದು, ಒಂದೇ ಕೋಣೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಮಲಗೋದು, ಪರೀಕ್ಷೆ ಇದ್ದರೆ ಸೋದರಮಾವನ ಮನೆಗೆ ಹೋಗಿ ಎರಡು ತಿಂಗಳು ಇರೋದು, ಇದೆಲ್ಲ ನಮಗೆ ಬದುಕು. ಕ್ರೀ ಮನೆಗಳಲ್ಲೂ ಹೆಚ್ಚುಕಡಿಮೆ ಹಾಗೇ, ಅಜ್ಜಿಯೇ ಯಜಮಾನಿ. ಆದರೆ ಮನೆ ಪರೀಕ್ಷೆಯ ಫಾರಂ ಬರೆದವರ ತಲೆಯಲ್ಲಿದ್ದದ್ದು ಅಪ್ಪ, ಅಮ್ಮ, ಎರಡು ಮಕ್ಕಳು, ಒಂದೊಂದು ಮಗುವಿಗೂ ಒಂದು ಕೋಣೆ. ಅಜ್ಜಿ ಮನೆಯಲ್ಲಿ ಕೋಣೆ ಸಾಲದು ಅಂತ ಬರೆದರೆ, ಅಜ್ಜಿ ಇದ್ದೂ ಮಗು ಅಪರಿಚಿತರ ಪಾಲು.

ಇನ್ನು ನಮ್ಮ ಮನೆಯ ಹಿತ್ತಿಲನ್ನೂ ನೋಡಿಕೊಳ್ಳೋಣ. ಹುಬ್ಬಳ್ಳಿಯಲ್ಲಿ, ಗದಗ ಬೆಟಗೇರಿಯಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಅಂತ ಕರೆಯುವ ಜಾಗಗಳಿವೆ. ಆಟೋದವರಿಗೆ ಹೇಳಿದರೆ ಕರೆದುಕೊಂಡು ಹೋಗಿ ಬಿಡುತ್ತಾರೆ, ಹೆಸರು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿ, ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗಗಳವು. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಆರು ದಾಟಿದ ಹದಿನೆಂಟರೊಳಗಿನ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ವಿಶೇಷ ಶಾಲೆಗಳಲ್ಲಿ ಇಡಬಹುದಿತ್ತು. ಕಾರಣ ಕೊಟ್ಟದ್ದು ಅದೇ: ಮಕ್ಕಳ ಒಳ್ಳೆಯದಕ್ಕೆ. ಒಂದೇ ಸಾಮ್ರಾಜ್ಯ, ಒಂದೇ ಕಾಲ, ಎರಡು ಖಂಡ. ಕಾಯ್ದೆ 1952ರಲ್ಲಿ ಹೋಯಿತು, ಹಣೆಪಟ್ಟಿ ಅಷ್ಟು ಬೇಗ ಹೋಗಲಿಲ್ಲ.

ಹಾಗಾದರೆ ಕೆನಡಾದಲ್ಲಿ ಏನಾದರೂ ಬದಲಾಗುತ್ತಿದೆಯಾ? ಆಗುತ್ತಿದೆ. 2020ರ ಜನವರಿ 1ರಿಂದ ಹೊಸ ಕಾಯ್ದೆ ಬಂದಿದೆ. ಮಕ್ಕಳ ಕಲ್ಯಾಣದ ಬಗ್ಗೆ ಮೂಲನಿವಾಸಿ ಸಮುದಾಯಗಳೇ ತಮ್ಮ ಕಾನೂನು ಮಾಡಿಕೊಳ್ಳಬಹುದು, ಬಡತನ ಅನ್ನೋ ಒಂದೇ ಕಾರಣಕ್ಕೆ ಮಗುವನ್ನು ಒಯ್ಯುವಂತಿಲ್ಲ, ಒಯ್ಯಲೇಬೇಕಾದರೆ ಮೊದಲು ನೆಂಟರು, ಆಮೇಲೆ ಸಮುದಾಯ, ಕೊನೆಗೆ ಹೊರಗಿನವರು. ಕ್ವಿಬೆಕ್ ಪ್ರಾಂತ್ಯ ಇದರ ವಿರುದ್ಧ ಕೋರ್ಟಿಗೆ ಹೋಯಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಪೂರ್ತಿ ಎತ್ತಿಹಿಡಿಯಿತು. ಸಸ್ಕ್ಯಾಚೆವಾನ್‌ನ ಕವೆಸಿಸ್ ಸಮುದಾಯ 2021ರ ಜೂನ್ 24ರಂದು, ತಮ್ಮೂರಿನ ಹಳೇ ವಸತಿ ಶಾಲೆಯ ಪಕ್ಕದಲ್ಲಿ 751 ಗುರುತಿಲ್ಲದ ಸಮಾಧಿಗಳಿವೆ ಅಂತ ಜಗತ್ತಿಗೆ ಹೇಳಿತು. ಎರಡೇ ವಾರದ ಮೇಲೆ, ಜುಲೈ 6ಕ್ಕೆ, ತಮ್ಮ ಮಕ್ಕಳನ್ನು ತಾವೇ ನೋಡಿಕೊಳ್ಳುವ ಒಪ್ಪಂದಕ್ಕೆ ಪ್ರಧಾನಿ ಟ್ರುಡೊ ಜೊತೆ ಸಹಿ ಹಾಕಿತು.

ಪರಿಹಾರವೂ ಬಂತು. 2019ರಲ್ಲಿ ನ್ಯಾಯಮಂಡಳಿ ಪ್ರತಿ ಮಗುವಿಗೂ 40,000 ಡಾಲರ್ ಕೊಡಿ ಅಂದಿತು, ಸರ್ಕಾರ ಮೇಲ್ಮನವಿ ಹಾಕಿತು, ಎಳೆದಾಡಿ ಎಳೆದಾಡಿ 2023ರ ಅಕ್ಟೋಬರ್‌ನಲ್ಲಿ 2,334 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಕೋರ್ಟಿನ ಮುದ್ರೆ ಬಿತ್ತು. ಅದು ಆಗಿಹೋದದ್ದಕ್ಕೆ. ಮುಂದಿನ ವ್ಯವಸ್ಥೆ ಸರಿಪಡಿಸಲು ಹತ್ತು ವರ್ಷಕ್ಕೆ 4,780 ಕೋಟಿ ಡಾಲರ್ ಕೊಡುತ್ತೇವೆ ಅಂತ ಸರ್ಕಾರ ಮುಂದೆ ಬಂದಾಗ, 2024ರ ಅಕ್ಟೋಬರ್‌ನಲ್ಲಿ ಮುಖ್ಯಸ್ಥರ ಸಭೆ ಅದನ್ನು ಬೇಡ ಅಂದಿತು. ಅಷ್ಟು ದುಡ್ಡನ್ನು ಯಾಕೆ ಬಿಟ್ಟರು ಅಂತ ಹೊರಗಿನವರಿಗೆ ಆಶ್ಚರ್ಯ. ಹತ್ತು ವರ್ಷ ಆದ ಮೇಲೆ ಏನು ಅನ್ನೋದು ವಿರೋಧಿಸಿದವರ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಒಂದೂವರೆ ಶತಮಾನದ ಅನುಭವ ಇರುವವರು ಆ ಪ್ರಶ್ನೆ ಕೇಳೋದರಲ್ಲಿ ನನಗಂತೂ ಏನೂ ತಪ್ಪು ಕಾಣಲಿಲ್ಲ.

2016ರ ಜನಗಣತಿಯಲ್ಲಿ ಫಾಸ್ಟರ್ ಮನೆಗಳ 28,665 ಮಕ್ಕಳಲ್ಲಿ 14,970 ಮಕ್ಕಳು ಮೂಲನಿವಾಸಿಗಳು, ಅಂದರೆ ಶೇ 52.2. ಐದು ವರ್ಷದ ಮೇಲೆ ಅದು ಶೇ 53.8 ಆಗಿತ್ತು. ಹೊಸ ಕಾಯ್ದೆ ಬಂದು ಆಗಿನ್ನೂ ಒಂದೂವರೆ ವರ್ಷ ಆಗಿರಲಿಲ್ಲ, ಹಾಗಾಗಿ ಅದನ್ನು ಇಟ್ಟುಕೊಂಡು ಕಾಯ್ದೆಯನ್ನು ಅಳೆಯೋದು ನ್ಯಾಯವಲ್ಲ. ಅದರ ಮೇಲೆ, ಈ ಎಣಿಕೆಯಲ್ಲಿ ಖಾಸಗಿ ಮನೆಗಳಲ್ಲಿರುವ ಮಕ್ಕಳು ಮಾತ್ರ ಬರುತ್ತಾರೆ, ಹಲವು ಮಕ್ಕಳನ್ನು ಒಟ್ಟಿಗೆ ಇಡುವ ಗ್ರೂಪ್ ಹೋಮ್‌ಗಳಲ್ಲಿ ಇರುವವರು ಬರಲ್ಲ. ಕಾಯ್ದೆಯ ಕೆಲಸ ಕಾಣಿಸಬಹುದಾದ ಮೊದಲ ಜನಗಣತಿ 2026ರದ್ದು.